ರಾಜಮ್ಮನವರ ಡಬ್ಬಿಗಳು ಎಲ್ಲಿವೆ, ಸಚಿವರೇ?

ಮಾನ್ಯ ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೆ, ನಮಸ್ಕಾರಗಳು.

ಎಂ.ವಿ. ರಾಜಮ್ಮ ಯಾರೆಂದು ತಮಗೆ ಹೇಳಿಕೊಡಬೇಕಾಗಿಲ್ಲ. ರಂಗಭೂಮಿಯಿಂದ ಬಂದವರು. ಎಚ್.ಎಲ್.ಎನ್. ಸಿಂಹ ಅವರ ‘ಸಂಸಾರ ನೌಕ’ ನಾಟಕ 1936ರಲ್ಲಿ ಸಿನಿಮಾ ಆದಾಗ ಅವರೇ ನಾಯಕಿ, ಬಿ.ಆರ್. ಪಂತುಲು ನಾಯಕ. ಪುರಾಣ ಬಿಟ್ಟು ಸಂಸಾರದ ಕಥೆ ಹೇಳಿದ ಮೊದಲ ಕನ್ನಡ ವಾಕ್ಚಿತ್ರ ಅದು. 1943ರಲ್ಲಿ, ಯುದ್ಧದಿಂದಾಗಿ ಕಚ್ಚಾ ಫಿಲ್ಮ್ ಪಡಿತರದಂತೆ ಸಿಗುತ್ತಿದ್ದ ಕಾಲದಲ್ಲಿ, ಅವರು ಸ್ವತಃ ಹಣ ಹೂಡಿ ‘ರಾಧಾರಮಣ’ ತೆಗೆದರು. ಕನ್ನಡದ ಮೊದಲ ಮಹಿಳಾ ನಿರ್ಮಾಪಕಿ ಎಂದು ನಿಮ್ಮ ಸರ್ಕಾರದ ಭಾಷಣಗಳಲ್ಲಿ ಬರುವ ಹೆಸರು ಇವರದೇ. ಬಾಲಕೃಷ್ಣ, ಜಿ.ವಿ. ಅಯ್ಯರ್ ಇಬ್ಬರೂ ಮೊದಲು ತೆರೆಗೆ ಬಂದದ್ದು ಅದೇ ಚಿತ್ರದಿಂದ.

ಭಾಷಣ ಸಾಕು. ನಮಗೆ ಪಟ್ಟಿ ಬೇಕು. ರಾಜಮ್ಮನವರ ಯಾವ ಚಿತ್ರದ ಫಿಲ್ಮ್ ಸುರುಳಿಗಳ ಎಷ್ಟು ಡಬ್ಬಿ, ಯಾವ ಊರಿನ ಯಾವ ಕೋಣೆಯಲ್ಲಿ, ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿಯನ್ನು ಇಲಾಖೆ ತಯಾರಿಸಿ ಪ್ರಕಟಿಸಬೇಕು.

ಇದಕ್ಕೆ ಯಾಕಿಷ್ಟು ಅವಸರ ಎಂದರೆ, ಫಿಲ್ಮ್ ಕಾಯುವುದಿಲ್ಲ. 1950ರ ಸುಮಾರಿನವರೆಗೆ ಬಳಸುತ್ತಿದ್ದದ್ದು ನೈಟ್ರೇಟ್ ಫಿಲ್ಮ್. ಮೊದಲು ಅದರ ಚಿತ್ರ ಮಾಸಿ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಸುರುಳಿ ಅಂಟಂಟಾಗುತ್ತದೆ, ಮೂಗಿಗೆ ಹೊಡೆಯುವ ವಾಸನೆಯೊಂದಿಗೆ ಗುಳ್ಳೆ ಏಳುತ್ತವೆ, ಸುರುಳಿಯೆಲ್ಲ ಒಂದೇ ಮುದ್ದೆಯಾಗುತ್ತದೆ, ಕೊನೆಗೆ ಡಬ್ಬಿಯಲ್ಲಿ ಉಳಿಯುವುದು ಕಂದು ಪುಡಿ. ಅಂಟಾಗುವ ಹಂತದೊಳಗೆ ಹಿಡಿದರೆ ಬಹುಭಾಗ ಉಳಿಸಬಹುದು. ಗುಳ್ಳೆ ಎದ್ದ ಮೇಲೆ ಉಳಿಯುವುದು ತುಣುಕುಗಳು ಮಾತ್ರ. ಇದು ಬೆಂಕಿಗೂ ಬಲು ಬೇಗ ತುತ್ತಾಗುತ್ತದೆ. 2003ರಲ್ಲಿ ಪುಣೆಯ ನೈಟ್ರೇಟ್ ಉಗ್ರಾಣಕ್ಕೆ ಬೆಂಕಿ ಬಿದ್ದು ದೇಶದ ಮೊದಮೊದಲ ಎಷ್ಟೋ ಚಿತ್ರಗಳ ರೀಲುಗಳು ಬೂದಿಯಾದವು.

ಆಮೇಲಿನದು ಅಸಿಟೇಟ್ ಫಿಲ್ಮ್. 1958ರ ‘ಸ್ಕೂಲ್ ಮಾಸ್ಟರ್’ ಕಾಲದ್ದು. ಪಂತುಲು ಜೊತೆ ವಯಸ್ಸಾದ ಮೇಷ್ಟ್ರ ಹೆಂಡತಿಯಾಗಿ ರಾಜಮ್ಮ ಕಣ್ಣಲ್ಲೇ ಅರ್ಧ ಮಾತಾಡಿದ ಚಿತ್ರ ಅದು. ಅಸಿಟೇಟ್ ಹಾಳಾಗುವಾಗ ಡಬ್ಬಿ ತೆರೆದರೆ ವಿನಿಗರ್ ವಾಸನೆ. ಆ ಆಮ್ಲ ತನ್ನನ್ನು ತಾನೇ ಹೆಚ್ಚಿಸಿಕೊಳ್ಳುತ್ತ, ಪಕ್ಕದ ಡಬ್ಬಿಗೂ ಹಬ್ಬುತ್ತದೆ. ಫಿಲ್ಮ್ ಕುಗ್ಗಿ ಸೊಟ್ಟಗಾಗುತ್ತದೆ. ಶೇ 1ಕ್ಕಿಂತ ಹೆಚ್ಚು ಕುಗ್ಗಿದರೆ ಹಲ್ಲುಚಕ್ರವಿರುವ ಯಂತ್ರದಲ್ಲಿ ಓಡಿಸುವಾಗ ಅಂಚಿನ ರಂಧ್ರಗಳು ಹರಿಯುತ್ತವೆ. ಆಗ ಹಲ್ಲುಚಕ್ರವಿಲ್ಲದ ಸ್ಕ್ಯಾನರ್ ಒಂದೇ ಗತಿ. ಇದನ್ನು ಪತ್ತೆ ಮಾಡಲು ದೊಡ್ಡ ಪ್ರಯೋಗಾಲಯ ಬೇಡ. ಆಮ್ಲ ಗುರುತಿಸುವ ಕಾಗದದ ಪಟ್ಟಿಯನ್ನು ಒಂದು ದಿನ ಡಬ್ಬಿಯೊಳಗಿಡಬೇಕು. ನೀಲಿಯಾಗಿಯೇ ಉಳಿದರೆ ಕ್ಷೇಮ, ಹಸಿರಾದರೆ ರೋಗ ಶುರುವಾಗಿದೆ, ಹಳದಿಯಾದರೆ ತಕ್ಷಣ ಬೇರೆ ಕೋಣೆಗೆ ಒಯ್ದು ಮೊದಲು ಅದನ್ನೇ ಸ್ಕ್ಯಾನ್ ಮಾಡಬೇಕು. ಡಬ್ಬಿಗಳನ್ನು ತೆರೆಯಲು ಇಬ್ಬರು ತರಬೇತಾದವರು ಸಾಕು. ಇಷ್ಟನ್ನು ಮಾಡಲು ಎಷ್ಟು ಸರ್ಕಾರಗಳು ಬದಲಾಗಬೇಕು?

ಆ ಕಾಲದ ನಮ್ಮ ಚಿತ್ರಗಳು ತಯಾರಾದದ್ದು ಹೆಚ್ಚಾಗಿ ಮದ್ರಾಸಿನಲ್ಲಿ, ಕೊಲ್ಹಾಪುರದಲ್ಲಿ. ನೆಗೆಟಿವ್‌ಗಳೂ ಅಲ್ಲಿನ ಲ್ಯಾಬುಗಳಲ್ಲೇ ಉಳಿದವು. ನಿರ್ಮಾಪಕರು ತೀರಿಕೊಂಡರು, ಬಾಡಿಗೆ ನಿಂತಿತು, ಡಬ್ಬಿಗಳು ಮೂಲೆ ಸೇರಿದವು. ಚಿತ್ರದ ನೆಗೆಟಿವ್ ಒಂದು ಕಡೆ, ಧ್ವನಿಯ ನೆಗೆಟಿವ್ ಇನ್ನೊಂದು ಕಡೆ. ಒಂದು ಸಿಕ್ಕಿ ಇನ್ನೊಂದು ಸಿಗದಿದ್ದರೆ ಮೂಕ ರಾಜಮ್ಮ. ಇನ್ನು ಹೇಳಲು ನಾಚಿಕೆಯಾಗುವ ಸಂಗತಿ: ಹಳೆಯ ಕಪ್ಪು-ಬಿಳುಪು ಪ್ರಿಂಟುಗಳನ್ನು ತೂಕಕ್ಕೆ ಮಾರಿ, ತೊಳೆದು, ಅದರ ಬೆಳ್ಳಿ ತೆಗೆಯುವುದು ಈ ದೇಶದಲ್ಲಿ ಒಂದು ದಂಧೆಯೇ ಆಗಿತ್ತು. ಒಬ್ಬ ಕಲಾವಿದೆಯ ಮುಖ, ನಡಿಗೆ, ಅಳು ಎಲ್ಲ ಒಂದಿಷ್ಟು ಬೆಳ್ಳಿಗೆ ಹೋಯಿತು. 1934ರ ‘ಸತಿ ಸುಲೋಚನ’, ನಮ್ಮ ಮೊದಲ ವಾಕ್ಚಿತ್ರ, ಅದರ ಪ್ರಿಂಟ್ ಇಲ್ಲ. ತ್ರಿಪುರಾಂಬ ಸುಲೋಚನೆಯಾಗಿ ಹೇಗೆ ಮಾತಾಡಿದರು ಎಂದು ಕೇಳುವ ಭಾಗ್ಯ ಯಾರಿಗೂ ಇನ್ನಿಲ್ಲ. ಅದಕ್ಕೆ ಒಂದು ವಿಚಾರಣೆಯೂ ಆಗಲಿಲ್ಲ, ಸ್ವಾಮಿ!

ಹಕ್ಕುಸ್ವಾಮ್ಯದ ತೊಡಕು ಎನ್ನಬೇಡಿ. 1957ರ ಅಧಿನಿಯಮ ತಮಗೆ ಗೊತ್ತೇ ಇದೆ: ಚಲನಚಿತ್ರಕ್ಕೆ ಬಿಡುಗಡೆಯ ಮರುವರ್ಷದಿಂದ 60 ವರ್ಷ. ‘ಸ್ಕೂಲ್ ಮಾಸ್ಟರ್’ ಅವಧಿ 2018ರ ಡಿಸೆಂಬರ್ 31ಕ್ಕೇ ಮುಗಿಯಿತು. ಕಥೆ, ಹಾಡುಗಳ ಹಕ್ಕು ಬೇರೆ, ನಿಜ. ಆದರೆ ಡಬ್ಬಿ ಎಣಿಸಿ ಬರೆದುಕೊಳ್ಳಲು ಯಾರ ಅನುಮತಿ ಬೇಕು?

ಖರ್ಚಿನ ಮಾತಿಗೂ ಲೆಕ್ಕ ಕೊಡುತ್ತೇವೆ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ. ಎರಡೂವರೆ ಗಂಟೆಯ ಚಿತ್ರ 13,500 ಅಡಿ, ಅಂದರೆ ಸಾವಿರ ಅಡಿಯ 14 ಡಬ್ಬಿ. ಜೋಡಣೆ ಬಿಟ್ಟುಹೋದಲ್ಲಿ ಮತ್ತೆ ಅಂಟಿಸಿ, ಹರಿದ ರಂಧ್ರ ಸರಿಪಡಿಸಿ, ತೊಳೆದು, 4ಕೆಯಲ್ಲಿ, ಅಂದರೆ ಅಡ್ಡಕ್ಕೆ ಸುಮಾರು ನಾಲ್ಕು ಸಾವಿರ ಬಿಂದುಗಳ ಸ್ಪಷ್ಟತೆಯಲ್ಲಿ, ಸ್ಕ್ಯಾನ್ ಮಾಡಿದರೆ 2,16,000 ಚೌಕಟ್ಟು, ಸುಮಾರು 11 ಟೆರಾಬೈಟ್. ಎರಡು ಪ್ರತಿಯನ್ನು ಕಂಪ್ಯೂಟರ್ ದತ್ತಾಂಶದ ಟೇಪಿಗೆ ಹಾಕಿ ಎರಡು ಊರಲ್ಲಿ ಇಡಬೇಕು. ಮೂಲ ಫಿಲ್ಮನ್ನು ತುಕ್ಕು ಡಬ್ಬಿಯಿಂದ ತೆಗೆದು ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮಲಗಿಸಿ, ತಣ್ಣಗೆ ಒಣಗಿದ ಕೋಣೆಯಲ್ಲಿಡಬೇಕು. ಸ್ಕ್ಯಾನ್ ಆಯಿತೆಂದು ಮೂಲವನ್ನು ಎಸೆದರೆ ಮಾಡಿದ್ದೆಲ್ಲ ವ್ಯರ್ಥ.

ನಾಟಕದ ದಿನಗಳ ಗತಿ ಇನ್ನೂ ಕಷ್ಟ. ಅಲ್ಲಿ ಫಿಲ್ಮೇ ಇಲ್ಲ. ಉಳಿದಿರುವುದು ಕಂಪನಿಗಳ ಕರಪತ್ರ, ಹಾಡಿನ ಪುಸ್ತಕ, ಒಂದು ಬದಿಗೆ ಮೂರು ನಿಮಿಷದ ಗ್ರಾಮಫೋನ್ ಪ್ಲೇಟು. ಯಾವ ಊರಲ್ಲಿ ಯಾವ ಪಾತ್ರ ಮಾಡಿದರು ಎಂಬುದಕ್ಕೆ ಆ ಕರಪತ್ರವೇ ಸಾಕ್ಷಿ. ದಯವಿಟ್ಟು ಅವನ್ನು ಲ್ಯಾಮಿನೇಟ್ ಮಾಡಿಸಬೇಡಿ, ಸೆಲ್ಲೋಟೇಪ್ ಹಚ್ಚಬೇಡಿ. ಅಂಟು ಕಾಗದವನ್ನೇ ತಿನ್ನುತ್ತದೆ.

ಪಂತುಲು ನಿರ್ದೇಶನದ ತಮಿಳು ‘ಕರ್ಣನ್’ 1964ರದು. 2012ರಲ್ಲಿ ಅದನ್ನು ಡಿಜಿಟಲ್ ಆಗಿ ಸರಿಪಡಿಸಿ ತಮಿಳುನಾಡಿನ ಚಿತ್ರಮಂದಿರಗಳಲ್ಲಿ ಮತ್ತೆ ಬಿಡುಗಡೆ ಮಾಡಿದರು. ಜನ ಮುಗಿಬಿದ್ದು ನೋಡಿದರು. ಅದರ ಕುಂತಿ ನಮ್ಮ ರಾಜಮ್ಮ. ಆ ಕುಂತಿಯನ್ನು ತಮಿಳರು ಉಳಿಸಿಕೊಂಡರು. ‘ರಾಧಾರಮಣ’ ತೆಗೆದ ರಾಜಮ್ಮನಿಗಾಗಿ ನಾವು ಏನು ಮಾಡಿದ್ದೇವೆ ಎಂದು ಕೇಳಿದರೆ ಭಾವಚಿತ್ರಕ್ಕೆ ಹಾರ ಹಾಕಿದ್ದೇವೆ ಎನ್ನಬೇಕೇ?

ಮತ್ತೊಮ್ಮೆ ಬರೆಯುತ್ತೇವೆ: ಪಟ್ಟಿ ಕೊಡಿ. ಪುಣೆಯ ರಾಷ್ಟ್ರೀಯ ಭಂಡಾರಕ್ಕೆ ಒಂದು ಪತ್ರ, ಚೆನ್ನೈನ ಹಳೆಯ ಲ್ಯಾಬುಗಳಿಗೆ ಒಬ್ಬ ಅಧಿಕಾರಿ, ಹಂಚಿಕೆದಾರರ ಗೋದಾಮು ಮತ್ತು ಮನೆಗಳ ಅಟ್ಟದಲ್ಲಿರುವ ರೀಲುಗಳಿಗಾಗಿ ಪತ್ರಿಕೆಯಲ್ಲೊಂದು ಪ್ರಕಟಣೆ. ಮಳೆಗಾಲದ ತೇವಕ್ಕೆ ಮುಂಚೆ ಡಬ್ಬಿಗಳ ಮುಚ್ಚಳ ತೆರೆಸಿ. ಪಟ್ಟಿ ಕೊಡಿ.

ಇಂತಿ,
ಹಳೆಯ ಕನ್ನಡ ಚಿತ್ರ ಮತ್ತು ರಂಗಭೂಮಿಯ ಕಾಳಜಿಯುಳ್ಳವರು