ಅಕ್ಕಿಕಾಳಿನಷ್ಟು ಚಿಪ್, ಬೆಟ್ಟದಷ್ಟು ಅನುಮಾನ

ಮಾನ್ಯರೇ,

ಸ್ವೀಡನ್‌ನಲ್ಲಿ ಸಾವಿರಾರು ಜನ ಗುರುತು ಹೇಳುವ ಅಕ್ಕಿಕಾಳಿನಷ್ಟು ಎಲೆಕ್ಟ್ರಾನಿಕ್ ಚಿಪ್ ಅನ್ನು ಕೈಯ ಚರ್ಮದಡಿ ಹಾಕಿಸಿಕೊಂಡಿದ್ದಾರೆ. ಅದಕ್ಕೆ ಬ್ಯಾಟರಿ ಇಲ್ಲ, ಅದನ್ನು ಓದುವ ಯಂತ್ರದ (ರೀಡರ್) ಹತ್ತಿರ ಕೈ ಹಿಡಿದರೆ ಬಾಗಿಲು ತೆರೆಯುತ್ತದೆ. ನನಗೂ ಒಂದು ಗಳಿಗೆ ಆಸೆಯಾಯಿತು. ಹೊಲದಲ್ಲಿ ಕಳೆ ಕಿತ್ತು ಕಿತ್ತು ನಮ್ಮವ್ವನ ಹೆಬ್ಬೆರಳಿನ ಗೆರೆಗಳೇ ಸವೆದಿವೆ. ಮೊನ್ನೆ ರೇಷನ್ ಅಂಗಡಿಯಲ್ಲಿ ಬೆರಳನ್ನು ಸೆರಗಿಗೆ ಒರೆಸಿ ಐದು ಸಲ ಒತ್ತಿದರೂ ಯಂತ್ರ ಒಪ್ಪಲಿಲ್ಲ. ಚಿಪ್ ಇದ್ದಿದ್ದರೆ ಈ ಪಾಡು ತಪ್ಪುತ್ತಿತ್ತು, ಅಲ್ವಾ?

ಆದರೆ ಪಾಸ್‌ವರ್ಡ್ ಕದ್ದರೆ ಬದಲಿಸಬಹುದು, ಕಾರ್ಡ್ ಬೇಡವಾದರೆ ಗೂಟಕ್ಕೆ ನೇತುಹಾಕಬಹುದು. ಚಿಪ್ ತೆಗೆಯಲು ಚರ್ಮವನ್ನೇ ಕೊಯ್ಯಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಬೇಕಾದವರು ಹಾಕಿಸಿಕೊಳ್ಳಲಿ. ನೌಕರಿಗೋ ರೇಷನ್ನಿಗೋ ಕಡ್ಡಾಯ ಮಾಡುವುದು ಮಾತ್ರ ಬೇಡ.

– ಓರ್ವ ಓದುಗ, ಗದಗ