ಸೋದರಮಾವ ಬಂದರೂ ಮಗಳನ್ನು ಯಾಕೆ ಕಳಿಸಲಿಲ್ಲ: ಪೋಷಕರಿಗೆ ಒಂದು ಪತ್ರ

ಎಲ್ಲ ತಾಯಂದಿರಿಗೂ ತಂದೆಯರಿಗೂ ನಮಸ್ಕಾರ.

ನಮ್ಮ ಕಸ್ತೂರಬಾ ವಸತಿ ಶಾಲೆಯಲ್ಲಿ ಮಕ್ಕಳೆಲ್ಲ ಆರಾಮಾಗಿದ್ದಾರೆ. ಇಬ್ಬರಿಗೆ ನೆಗಡಿ ಇತ್ತು, ಈಗ ವಾಸಿಯಾಗಿದೆ. ಓದಲು ಬಾರದವರ ಮನೆಯಲ್ಲಿ ಯಾರಾದರೂ ಈ ಪತ್ರವನ್ನು ಪೂರ್ತಿ ಓದಿ ಹೇಳಿ. ಅರ್ಧಕ್ಕೆ ನಿಲ್ಲಿಸಿದರೆ ನನ್ನ ಮಾತು ಕಟುವಾಗಿ ಕೇಳಬಹುದು.

ಹೋದ ತಿಂಗಳ ವಿಷಯ ನಿಮ್ಮ ಕಿವಿಗೂ ಬಿದ್ದಿರುತ್ತದೆ. ಆರನೇ ತರಗತಿಯ ಹುಡುಗಿಯೊಬ್ಬಳನ್ನು ಜಾತ್ರೆಗೆ ಕರೆದೊಯ್ಯಲು ಅವಳ ಸೋದರಮಾವ ಬಂದಿದ್ದರು. ಎರಡು ಬಸ್ ಬದಲಿಸಿ, ರೊಟ್ಟಿ ಬುತ್ತಿ ಕಟ್ಟಿಕೊಂಡು ಬಂದವರು. ಮಗಳನ್ನು ಯಾರ ಜೊತೆ ಕಳಿಸಬಹುದು ಅಂತ ಪೋಷಕರು ಕೊಟ್ಟ ಫೋಟೊಗಳ ಕಾರ್ಡ್ ನಮ್ಮಲ್ಲಿದೆ, ಅದರಲ್ಲಿ ಅವರ ಫೋಟೊ ಇರಲಿಲ್ಲ. ತಾಯಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ವಾರ್ಡನ್ ಕಳಿಸಲಿಲ್ಲ. "ಸೋದರಮಾವನಿಗೇ ಕೊಡಲ್ಲ ಅಂದರೆ ಇದು ಶಾಲೆಯೋ ಜೈಲೋ?" ಅಂತ ಪೋಷಕರ ಸಭೆಯಲ್ಲಿ ಜೋರು ಮಾತಾಯಿತು.

ಒಂದು ತಪ್ಪು ನಮ್ಮದು. ಅವರನ್ನು ಗೇಟಿನ ಹೊರಗೆ ಒಂದು ತಾಸು ನಿಲ್ಲಿಸಬಾರದಿತ್ತು. ಒಳಗೆ ಕೂರಿಸಿ, ನೀರು ಕೊಟ್ಟು, ಮಗುವಿನ ಜೊತೆ ಮಾತಾಡಿಸಬೇಕಿತ್ತು. ಅವರಿಗೆ ನಾನೇ ಫೋನ್ ಮಾಡಿ ಕ್ಷಮೆ ಕೇಳಿದ್ದೇನೆ. ಬೇವಿನ ಮರದ ಕೆಳಗೆ ಈಗ ಬೆಂಚು ಹಾಕಿಸಿದ್ದೇವೆ. ಆದರೆ ಮಗಳನ್ನು ಕಳಿಸದೇ ಇದ್ದದ್ದು ಸರಿ. ನಾನಿದ್ದರೂ ಕಳಿಸುತ್ತಿರಲಿಲ್ಲ.

ನಿಮ್ಮ ಬಂಧುಗಳ ಮೇಲೆ ನಮಗೆ ಅನುಮಾನವಿಲ್ಲ. ನಮ್ಮ ಕಡೆ ಸೋದರಮಾವ ಅಂದರೆ ಏನು ಅಂತ ನನಗೆ ಗೊತ್ತು. ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೈಸ್ಕೂಲಿಗೆ ಬಿಟ್ಟು ಬಂದವರೂ ನನ್ನ ಸೋದರಮಾವನೇ. ಆದರೆ ಗೇಟಿನಲ್ಲಿ ನಿಂತ ವಾರ್ಡನ್‌ಗೆ ಯಾರು ಯಾರ ಮಾವ ಅಂತ ಹೇಗೆ ತಿಳಿಯಬೇಕು? ಅವರ ಕೈಯಲ್ಲಿರುವುದು ನೀವು ಕೊಟ್ಟ ಫೋಟೊ ಮಾತ್ರ.

ಎರಡು ವರ್ಷದ ಹಿಂದೆ ಈ ಕಾರ್ಡ್ ಇರಲಿಲ್ಲ. ಏಳನೇ ತರಗತಿಯ ಮಗಳೊಬ್ಬಳು ಸಂಬಂಧಿಕರ ಜೊತೆ ಎರಡು ದಿನದ ರಜೆ ಮೇಲೆ ಹೋದಳು. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿದ್ದರು, ಕಟ್ಟಡ ಕೆಲಸಕ್ಕೆ. ಮಗಳು ಶಾಲೆಯಲ್ಲಿದ್ದಾಳೆ ಅಂತ ಅವರು ನೆಮ್ಮದಿಯಾಗಿದ್ದರು. ಮನೆಯಲ್ಲಿದ್ದಾಳೆ ಅಂತ ನಾವು ತಿಳಿದಿದ್ದೆವು. ಅವಳು ಹತ್ತಿ ಬಿಡಿಸುತ್ತಿದ್ದಳು. ನಲವತ್ತು ದಿನದ ಮೇಲೆ ಬಂದಾಗ ಬೆರಳಿನ ತುದಿಯೆಲ್ಲ ಹತ್ತಿಕಾಯಿಯ ಮೊನೆ ತಾಗಿ ಹರಿದಿತ್ತು. ಪೆನ್ಸಿಲ್ ಹಿಡಿಯಲು ಒಂದು ವಾರ ಬೇಕಾಯಿತು. ಅವಳ ತಾಯಿ ನನ್ನ ಮುಂದೆ ಕೂತು, "ನೀವು ಯಾಕೆ ಕಳಿಸಿದಿರಿ ಮೇಡಂ?" ಅಂತ ಕೇಳಿದರು. ಉತ್ತರ ಕೊಡಲು ನನ್ನಿಂದ ಆಗಲಿಲ್ಲ.

ಈ ಶಾಲೆ ಹುಟ್ಟಿದ್ದೇ ಇಂಥ ಮಕ್ಕಳಿಗಾಗಿ. 2001ರ ಜನಗಣತಿಯಲ್ಲಿ ದೇಶದ ಹಳ್ಳಿಗಳಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ 46 ಮಾತ್ರ. ಅದಕ್ಕಿಂತಲೂ ಹಿಂದೆ ಇದ್ದ ತಾಲ್ಲೂಕುಗಳನ್ನು ಆರಿಸಿ 2004ರಲ್ಲಿ ಕೇಂದ್ರ ಸರ್ಕಾರ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳನ್ನು ಶುರು ಮಾಡಿತು. ಅದಕ್ಕೂ ಮುಂಚೆ ನಮ್ಮ ರಾಜ್ಯದಲ್ಲಿ ಮಹಿಳಾ ಸಮಖ್ಯಾ ಅನ್ನುವ, ಹೆಂಗಸರ ಶಿಕ್ಷಣದ ಸರ್ಕಾರಿ ಕಾರ್ಯಕ್ರಮದವರು ಊರೂರಿಗೆ ಹೋಗಿ, ಶಾಲೆ ಬಿಟ್ಟ ಹುಡುಗಿಯರನ್ನು ಕರೆತಂದು, ವಸತಿ ಕೊಟ್ಟು ಕಲಿಸಿದ್ದರು. ಇಲ್ಲಿನ ಸೀಟುಗಳಲ್ಲಿ ನೂರಕ್ಕೆ 75 ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಮನೆಗಳ ಮಕ್ಕಳಿಗೆ, ಉಳಿದವು ಬಡತನ ರೇಖೆಗಿಂತ ಕೆಳಗಿನವರಿಗೆ.

ಕಸ್ತೂರಬಾ ಅವರ ಮದುವೆ ನಡೆದದ್ದು 1883ರಲ್ಲಿ. ಆಗಿನ್ನೂ ಅವರಿಗೆ ಅಕ್ಷರ ಬರುತ್ತಿರಲಿಲ್ಲ, ವಯಸ್ಸು ನಮ್ಮ ಎಂಟನೇ ತರಗತಿ ಮಕ್ಕಳಷ್ಟೇ. ಇದನ್ನು ಹೇಳಲು ಕಾರಣವಿದೆ. ಜಾತ್ರೆ ಅಂತ ಹೋದ ಮಗಳು ಅರಿಶಿನ ಹಚ್ಚಿಸಿಕೊಂಡು ನಿಂತ ಸುದ್ದಿ ನಮ್ಮ ಸೀಮೆಗೆ ಹೊಸದಲ್ಲ. 18 ತುಂಬದ ಹುಡುಗಿಯ ಮದುವೆ ಮಾಡಿದರೆ 2006ರ ಕಾಯ್ದೆ ಪ್ರಕಾರ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ. ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ. ಮನೆಯಲ್ಲಿ ಹಿರಿಯರು ಒತ್ತಾಯ ಮಾಡಿದಾಗ, "ಶಾಲೆಯವರು ಬಿಡಲ್ಲ" ಅಂತ ನಮ್ಮ ಮೇಲೆ ಹಾಕಿಬಿಡಿ. ಬೈಗುಳ ನಮಗೇ ಬರಲಿ.

ಜೈಲು ಅಂದದ್ದು ಮನಸ್ಸಿಗೆ ನೋವಾಯಿತು. ಒಂದು ದಿನ ಬಂದು ನೋಡಿ. ಬೆಳಿಗ್ಗೆ ಐದೂವರೆಗೆ ಗಂಟೆ, ನೀರಿನ ತೊಟ್ಟಿ ಹತ್ತಿರ ಗದ್ದಲ. ದೊಡ್ಡವರು ಚಿಕ್ಕವರಿಗೆ ಎರಡು ಜಡೆ ಹಾಕಿ ರಿಬ್ಬನ್ ಕಟ್ಟುತ್ತಾರೆ. ಮಧ್ಯಾಹ್ನ ಕ್ಲಾಸು, ಸಂಜೆ ಕೊಕ್ಕೊ. ರಾತ್ರಿ ಓದಿನ ಹೊತ್ತಿನಲ್ಲಿ ಒಬ್ಬಳು ಗಟ್ಟಿಯಾಗಿ ಮಗ್ಗಿ ಹೇಳಿದರೆ ಉಳಿದವರು ತಿದ್ದುತ್ತಾರೆ. ಮೊದಲ ಸಲ ಮುಟ್ಟಾದ ಮಗು ಅಡುಗೆ ಅಕ್ಕನ ಬಳಿ ಹೋಗಿ ಅಳುತ್ತದೆ. ಅಕ್ಕ ಪ್ಯಾಡ್ ಕೊಟ್ಟು, ಬಿಸಿನೀರು ಕಾಯಿಸಿ, ತಲೆ ನೇವರಿಸುತ್ತಾರೆ. ಹೊಸದಾಗಿ ಬಂದವರು ಎರಡು ವಾರ ಅಳುತ್ತಾರೆ, ನಿಜ. ಆಮೇಲೆ ದಸರಾ ರಜೆಗೆ ಮನೆಗೆ ಹೋಗುವಾಗ ಗೆಳತಿಯರನ್ನು ಬಿಡಲಾರದೆ ಅಳುತ್ತಾರೆ.

ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಸೋದರಮಾವ, ಚಿಕ್ಕಪ್ಪ, ಅಜ್ಜಿ, ಅಕ್ಕ, ಯಾರು ಬೇಕಾದರೂ ಕರೆದೊಯ್ಯಬಹುದು. ಆ ಹೆಸರನ್ನು ನೀವೇ ಕೊಟ್ಟಿರಬೇಕು, ಅಷ್ಟೇ. ಸಾವು, ಕಾಯಿಲೆ ಅಂತ ಅವಸರ ಬಂದರೆ ಫೋನ್ ಮಾಡಿ. ಕಾರ್ಡಿನಲ್ಲಿ ಇಲ್ಲದವರು ಬಂದಿದ್ದರೆ ನಾನೇ ಜೊತೆಗೆ ಬಂದು ಮಗಳನ್ನು ನಿಮ್ಮ ಮನೆಗೆ ಬಿಡುತ್ತೇನೆ. ಆದರೆ ಕಾರ್ಡಿನಲ್ಲಿ ಇಲ್ಲದವರ ಕೈಗೆ ಮಾತ್ರ ಕೊಡುವುದಿಲ್ಲ.

ಬರುವ ಎರಡನೇ ಭಾನುವಾರ ನೀವು ನಂಬುವ ಮೂವರ ಫೋಟೊ, ಫೋನ್ ನಂಬರ್ ತಂದುಕೊಡಿ.

ಅವತ್ತು ಊಟ ಇಲ್ಲೇ. ಪುಂಡಿಪಲ್ಯ ಮಾಡಿಸುತ್ತೇವೆ. ಶೇಂಗಾ ಹಿಂಡಿ ತರುವವರು ಸ್ವಲ್ಪ ಜಾಸ್ತಿ ತನ್ನಿ, ಗುಳೆ ಹೋದವರ ಮಕ್ಕಳಿಗೆ ಅವತ್ತು ಯಾರೂ ಬರುವುದಿಲ್ಲ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ