‘ವಯಸ್ಸಾಯ್ತು ಬಿಡಿ’ ಅನ್ನುವ ಮೊದಲು

ಸಂಪಾದಕರಿಗೆ,

ಮಾನ್ಯರೇ,

ನಿಮ್ಮ ಪತ್ರಿಕೆಯ ಕೃಷಿ ಪುಟವನ್ನು ತಪ್ಪದೆ ಓದುವವಳು ನಾನು. ಮರಿ ತಂದು ಸಾಕುವುದು ಹೇಗೆ, ಯಾವ ವಾರಕ್ಕೆ ಯಾವ ಲಸಿಕೆ, ಎಷ್ಟು ಮೇವಿಗೆ ಎಷ್ಟು ಮೊಟ್ಟೆ, ಎಲ್ಲ ಬರುತ್ತದೆ. ಆದರೆ ಕೋಳಿಯ ಕಥೆ ಅಲ್ಲಿ 72ನೇ ವಾರಕ್ಕೆ ಮುಗಿದುಹೋಗುತ್ತದೆ. ಆಮೇಲೆ ಹಳೆಯದನ್ನು ತೆಗೆದು ಹೊಸದನ್ನು ತರಬೇಕು ಎಂಬ ಒಂದೇ ಸಾಲು. ಬೆಕ್ಕಿನ ಹೆಸರಂತೂ ಇಲಿಯ ಮಾತು ಬಂದಾಗ ಮಾತ್ರ. ದೊಡ್ಡ ಫಾರಂ ನಡೆಸುವವರಿಗೆ ಆ ಲೆಕ್ಕ ಬೇಕು, ಅದರ ಮೇಲೆ ನನ್ನ ತಕರಾರಿಲ್ಲ. ನಮ್ಮಂಥ ತುಂಡು ಜಮೀನಿನವರ ಮನೆಯಲ್ಲಿ 72 ವಾರ ದಾಟಿದ ಕೋಳಿ ಇನ್ನೂ ಐದಾರು ವರ್ಷ ಅಂಗಳದಲ್ಲೇ ಓಡಾಡಿಕೊಂಡಿರುತ್ತದೆ. ಆ ಐದಾರು ವರ್ಷಗಳ ಬಗ್ಗೆ ಒಂದಿಷ್ಟು ಹೇಳಬೇಕೆಂದು ಈ ಪತ್ರ.

ನಮ್ಮ ಮನೆಯಲ್ಲಿ ಈಗಿರುವುದು ಎರಡು ಬೆಕ್ಕು, ಐದು ಕೋಳಿ. ಬೂದನಿಗೆ 16 ವರ್ಷ, ಚಿನ್ನಿಗೆ 12. ಕೋಳಿಗಳಲ್ಲಿ ಕೆಂಪಿಯೇ ಹಿರಿಯಳು, ಅವಳಿಗೆ 7 ತುಂಬಿತು. ಉಳಿದವೂ ನಾಲ್ಕು ದಾಟಿದವೇ. ಐದೂ ಸೇರಿ ವಾರಕ್ಕೆ ಎರಡು ಮೊಟ್ಟೆ ಕೊಟ್ಟರೆ ಹೆಚ್ಚು.

ಬೂದ ಹಿತ್ತಲಿನ ಗೋಡೆ ಹಾರುವುದನ್ನು ಬಿಟ್ಟು ಎರಡು ವರ್ಷವಾಯಿತು. ಮೊದಮೊದಲು ಗೋಡೆಯ ಬುಡದಲ್ಲಿ ಕೂತು ತಲೆಯೆತ್ತಿ ನೋಡುತ್ತಿದ್ದ. ಹಿಂಗಾಲು ಎರಡು ಸಲ ಕುಗ್ಗಿಸುತ್ತಿದ್ದ, ಹಾರುತ್ತಿರಲಿಲ್ಲ. ಆಮೇಲೆ ಎದ್ದು ಗೇಟಿನ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದ. ಪಕ್ಕದ ಮನೆಯಾಕೆ ನೋಡಿ, ‘ಅಕ್ಕಾ, ವಯಸ್ಸಾಯ್ತಲ್ಲ, ಇನ್ನೆಲ್ಲಿ ಹಾರುತ್ತೆ ಬಿಡಿ’ ಅಂದಳು. ನಾನೂ ಹೌದು ಅಂದೆ. ಮೈ ನೆಕ್ಕಿಕೊಳ್ಳುವುದು ಕಡಿಮೆಯಾಗಿ ಸೊಂಟದ ಮೇಲೆ ಕೂದಲು ಗಂಟುಕಟ್ಟಿತು. ಅದಕ್ಕೂ ವಯಸ್ಸಾಯ್ತು ಅಂದುಕೊಂಡೆ. ಆರು ತಿಂಗಳು ಹೀಗೇ ಕಳೆಯಿತು.

ಒಂದು ಸಂಜೆ ತೊಡೆಯ ಮೇಲೆ ಮಲಗಿದ್ದವನ ಬಲ ಮುಂಗಾಲನ್ನು ಸುಮ್ಮನೆ ಒತ್ತಿ ನೋಡಿದೆ. ಒಳಗಡೆ ಪಕ್ಕಕ್ಕಿರುವ ಹೆಬ್ಬೆರಳಿನ ಉಗುರು ದಪ್ಪಗಾಗಿ, ಗುಂಡಗೆ ಸುತ್ತಿಕೊಂಡು, ತುದಿ ಬೆರಳಿನ ಮೆತ್ತೆಯೊಳಗೆ ಇಳಿದುಬಿಟ್ಟಿತ್ತು. ಸುತ್ತ ಕೆಂಪಗೆ ಊದಿತ್ತು, ಒತ್ತಿದರೆ ತುಸು ಕೀವು. ಅವನು ಕೂಗಲಿಲ್ಲ, ಪರಚಲಿಲ್ಲ, ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡ, ಅಷ್ಟೇ. ಎಳೆಯ ಬೆಕ್ಕು ಮರ ಕೆರೆದು ಉಗುರಿನ ಹಳೆಯ ಪದರ ಕಳಚಿಕೊಳ್ಳುತ್ತದೆ. ಕೀಲು ನೋಯುವ ಮುದಿ ಬೆಕ್ಕು ಕೆರೆಯುವುದಿಲ್ಲ. ಉಗುರು ಬೆಳೆಯುತ್ತಲೇ ಹೋಗುತ್ತದೆ. ಎಷ್ಟು ದಿನದಿಂದ ಅದನ್ನು ಊರಿಕೊಂಡು ನಡೆಯುತ್ತಿದ್ದನೋ! ಆವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಮಾರನೆಯ ದಿನ ಪಶುವೈದ್ಯರ ಹತ್ತಿರ ಹೋದಾಗ ಉಗುರು ಕತ್ತರಿಸಿ ಗಾಯ ತೊಳೆದುಕೊಟ್ಟರು, ಸೊಂಟದ ಎಕ್ಸ್‌ರೇ ತೆಗೆದರು. ಕೀಲು ಸವೆದು ಅಂಚಿನಲ್ಲಿ ಮೂಳೆ ಬೆಳೆದಿತ್ತು. ಬೂದನೊಬ್ಬನದೇ ಕಥೆಯಲ್ಲ ಅದು. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, 12 ವರ್ಷ ದಾಟಿದ ಬೆಕ್ಕುಗಳ ಎಕ್ಸ್‌ರೇ ನೋಡಿದಾಗ ನೂರಕ್ಕೆ 90ರಲ್ಲಿ ಕೀಲು ಸವೆತದ ಗುರುತಿತ್ತು. ಆದರೆ ಕುಂಟುವ ಬೆಕ್ಕನ್ನು ನಾವು ನೋಡುವುದು ಎಷ್ಟು ಅಪರೂಪ! ಬೆಕ್ಕು ಸಾಮಾನ್ಯವಾಗಿ ಕುಂಟುವುದಿಲ್ಲ. ಹಾರುವುದನ್ನು ಬಿಡುತ್ತದೆ, ಮೈ ನೆಕ್ಕುವುದನ್ನು ಬಿಡುತ್ತದೆ, ಎತ್ತಿಕೊಂಡರೆ ಸಿಡುಕುತ್ತದೆ. ನಾವು ಅದಕ್ಕೆ ವಯಸ್ಸು ಅನ್ನುತ್ತೇವೆ. ವಯಸ್ಸಿಗೆ ಮದ್ದಿಲ್ಲ, ನಿಜ. ನೋವಿಗೆ ಇದೆ. ನನಗೆ ಹೇಳಬೇಕಾಗಿರುವುದು ಇದೇ.

ಈಗ ಮೂರು ವಾರಕ್ಕೊಮ್ಮೆ ಉಗುರು ಕತ್ತರಿಸುತ್ತೇನೆ. ಒಳಗೆ ಗುಲಾಬಿ ಬಣ್ಣಕ್ಕೆ ಕಾಣುವ ಜೀವವಿರುವ ಭಾಗ ಬಿಟ್ಟು, ಚೂಪು ತುದಿ ಮಾತ್ರ. ಕಿಟಕಿಯ ಕೆಳಗೆ ಮೆಟ್ಟಿಲಿನ ಹಾಗೆ ಎರಡು ಪೆಟ್ಟಿಗೆ ಇಟ್ಟಿದ್ದೇವೆ. ಬೂದ ಮಲಮೂತ್ರ ಮಾಡಲೆಂದು ಮಣ್ಣು ತುಂಬಿಟ್ಟ ತಟ್ಟೆಯ ಒಂದು ಬದಿಯ ಅಂಚನ್ನು ನಮ್ಮವರು ಕೊಯ್ದು ತಗ್ಗಿಸಿಕೊಟ್ಟರು. ಕಾಲೆತ್ತಿ ದಾಟಲಾಗದೆ ಅವನು ತಟ್ಟೆಯ ಹೊರಗೇ ಮಾಡಿಬಿಡುತ್ತಿದ್ದದ್ದು ಅಂದಿಗೆ ನಿಂತಿತು. ಗೋಡೆ ಹಾರಲು ಈಗಲೂ ಆಗುವುದಿಲ್ಲ. ಕಿಟಕಿಗೆ ಮಾತ್ರ ದಿನಾ ಹತ್ತುತ್ತಾನೆ.

ನೋವಿಗೆ ಮದ್ದಿದೆ ಅಂದೆನಲ್ಲ, ಅದರ ಜೊತೆಗೇ ಇನ್ನೊಂದನ್ನು ಬರೆಯದೆ ಇರಲಾರೆ. ಬೂದನಿಗಿಂತ ಮೊದಲು ನಮ್ಮಲ್ಲಿ ಬೆಳ್ಳಿ ಅಂತ ಒಂದು ಬೆಕ್ಕಿತ್ತು. ಒಂದು ದಿನ ಕಾಲು ನೋಯಿಸಿಕೊಂಡು ಬಂತು. ಮನೆಯಲ್ಲಿದ್ದ ಪ್ಯಾರಸಿಟಮಾಲ್ ಮಾತ್ರೆಯಲ್ಲಿ ಅರ್ಧ ಮುರಿದು ಪುಡಿ ಮಾಡಿ ನಾನೇ ಬಾಯಿಗೆ ಹಾಕಿದೆ. ಮಕ್ಕಳಿಗೇ ಕೊಡುತ್ತೇವೆ, ಇದಕ್ಕೇನಾಗುತ್ತದೆ ಅನ್ನಿಸಿತ್ತು. ಸಂಜೆಯೊಳಗೆ ಅದರ ಮುಖ ಊದಿತು, ವಸಡು ಕಂದು ಬಣ್ಣಕ್ಕೆ ತಿರುಗಿತು, ಉಸಿರಿಗೆ ಒದ್ದಾಡಿತು. ಬೆಳಿಗ್ಗೆ ಇರಲಿಲ್ಲ. ಆ ಮಾತ್ರೆಯನ್ನು ನಮ್ಮ ಪಿತ್ತಜನಕಾಂಗ ಕರಗಿಸಿ ಹೊರಹಾಕುವ ಹಾಗೆ ಬೆಕ್ಕಿನದು ಹಾಕಲಾರದು. ಅದು ವಿಷವಾಗಿ ರಕ್ತಕ್ಕೇ ಪೆಟ್ಟು ಕೊಡುತ್ತದೆ, ರಕ್ತ ಆಮ್ಲಜನಕ ಹೊರುವುದನ್ನು ನಿಲ್ಲಿಸುತ್ತದೆ. ಕೂಡಲೇ ವೈದ್ಯರಲ್ಲಿಗೆ ಒಯ್ದರೆ ಪ್ರತಿಮದ್ದು ಉಂಟು. ಇದೆಲ್ಲ ನನಗೆ ಗೊತ್ತಾದದ್ದು ಬೆಳ್ಳಿ ಹೋದ ಮೇಲೆ. ನಿಮ್ಮ ಪುಟದಲ್ಲಿ ಇದೊಂದೇ ಸಾಲು ದಪ್ಪ ಅಕ್ಷರದಲ್ಲಿ ಬಂದರೂ ಎಷ್ಟೋ ಮನೆಯ ಬೆಕ್ಕು ಉಳಿದಾವು. ನಾಯಿಯ ಮೈಗೆ ಹಚ್ಚುವ ಉಣ್ಣಿ ಔಷಧಿಯೂ ಹಾಗೆಯೇ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವಂಥದ್ದನ್ನು ಬೆಕ್ಕಿಗೆ ಸೋಕಿಸಲೂಬಾರದು.

ಚಿನ್ನಿಯದು ಬೇರೆ ಬಗೆ. ಹೋದ ವರ್ಷ ಅವಳು ತಿನ್ನುವುದು ಹೆಚ್ಚಾಯಿತು. ‘ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿ ತಿನ್ನುತ್ತೆ’ ಎಂದು ಬಂದವರೆಲ್ಲ ಮೆಚ್ಚಿದರು. ಬೂದನ ಪಾಠ ಕಲಿತಿದ್ದೆನಲ್ಲ, ತೂಕ ನೋಡಿದೆ. ಮೊದಲು ನಾನೊಬ್ಬಳೇ ತೂಕದ ಯಂತ್ರದ ಮೇಲೆ ನಿಲ್ಲುವುದು, ಆಮೇಲೆ ಅವಳನ್ನೆತ್ತಿಕೊಂಡು ನಿಲ್ಲುವುದು, ಕಳೆಯುವುದು. 4 ಕಿಲೋ ಇದ್ದವಳು 3.2ಕ್ಕೆ ಇಳಿದಿದ್ದಳು. 800 ಗ್ರಾಂ ಅಂದರೆ ನಮಗೇನೂ ಅನ್ನಿಸದು, ಅವಳಿಗೆ ಅದು ಮೈಯ ಐದನೇ ಒಂದು ಪಾಲು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಮಿತಿಮೀರಿದ್ದು ಗೊತ್ತಾಯಿತು. ನಡುರಾತ್ರಿ ಎದ್ದು ಕೂಗುತ್ತಿದ್ದುದೂ ಅದರಿಂದಲೇ ಇರಬೇಕೆಂದರು. ಈಗ ದಿನಾ ಎರಡು ಹೊತ್ತು ಮಾತ್ರೆ. ತೂಕ ಮೆಲ್ಲಗೆ ಮರಳುತ್ತಿದೆ.

ನೀರು ಕುಡಿಯುವುದು ಹೆಚ್ಚಾದರೂ ತಡ ಮಾಡಬಾರದು. ಮುದಿ ಬೆಕ್ಕುಗಳಲ್ಲಿ ಮೂತ್ರಪಿಂಡದ ಕಾಯಿಲೆ ಬಹಳ ಸಾಮಾನ್ಯ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಶ್ಮಲ) ಏರುವ ಹೊತ್ತಿಗೆ ಮೂತ್ರಪಿಂಡದ ಕೆಲಸ ಹೆಚ್ಚುಕಡಿಮೆ ಮುಕ್ಕಾಲು ಪಾಲು ನಿಂತಿರುತ್ತದೆ. ಅದಕ್ಕೇ ನಮ್ಮಲ್ಲಿ ನೀರಿನ ಬಟ್ಟಲು ಒಂದೇ ಅಳತೆಯದು, ತುಂಬುವ ಹೊತ್ತೂ ಒಂದೇ.

ಕೋಳಿಗಳ ವಿಷಯಕ್ಕೆ ಬಂದರೆ ಜನರ ಮಾತು ಇನ್ನೂ ಕಠಿಣ. ‘ಮೊಟ್ಟೆ ಇಡದ ಕೋಳಿಗೆ ಕಾಳು ಯಾಕೆ?’ ನಾನು ಅವರಿಗೆ ಹೇಳುವುದಿಷ್ಟು. ಕಾಡುಕೋಳಿ ವರ್ಷಕ್ಕೆ ಇಡುವುದು 10–15 ಮೊಟ್ಟೆ. ಅದೇ ಕುಲದ್ದನ್ನು ಆರಿಸಿ ಆರಿಸಿ ಬೆಳೆಸಿ ನಾವು 300ಕ್ಕೆ ತಂದು ನಿಲ್ಲಿಸಿದ್ದೇವೆ. ಒಂದೊಂದು ಮೊಟ್ಟೆಯ ಚಿಪ್ಪಿಗೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಅವಳ ಮೈಯಿಂದ ಹೋಗುತ್ತದೆ. ಹೇಂಟೆಗಳಿಗೆ ಅಂಡಾಶಯದ ಕ್ಯಾನ್ಸರ್ ತಾನಾಗಿಯೇ ಎಷ್ಟು ಬರುತ್ತದೆಂದರೆ, ಹೆಂಗಸರ ಅದೇ ಕಾಯಿಲೆಯನ್ನು ಅರಿಯಲು ವಿಜ್ಞಾನಿಗಳು ಹೇಂಟೆಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದಾರೆ. ಎರಡು ಮೂರು ವರ್ಷ ಹಾಗೆ ದುಡಿದ ಜೀವಕ್ಕೆ ಉಳಿದ ನಾಲ್ಕು ವರ್ಷ ಕಾಳು ಹಾಕುವುದು ದಾನವಲ್ಲ, ಬಾಕಿ ತೀರಿಸುವುದು.

ಕೋಳಿಯನ್ನು ಹಗಲು ನೋಡಿದರೆ ಏನೂ ತಿಳಿಯದು. ಹುಷಾರಿಲ್ಲ ಎಂದು ತೋರಿಸಿಕೊಂಡರೆ ಉಳಿದವು ಕುಕ್ಕಿ ಮೂಲೆಗೆ ತಳ್ಳುತ್ತವೆ, ಹಾಗಾಗಿ ಮನುಷ್ಯರು ಹತ್ತಿರ ಬಂದರೂ ನೆಟ್ಟಗೆ ನಿಂತುಬಿಡುತ್ತದೆ. ನಾನು ಹೋಗುವುದು ಕತ್ತಲಾದ ಮೇಲೆ. ಆಗ ಕೈಗೆ ಸುಮ್ಮನೆ ಬರುತ್ತವೆ. ಒಂದೊಂದನ್ನೇ ಕಂಕುಳಲ್ಲಿಟ್ಟುಕೊಂಡು ಎದೆಯ ಮೇಲ್ಗಡೆಯ ಕಾಳುಚೀಲ ಮುಟ್ಟಿ ನೋಡುತ್ತೇನೆ. ರಾತ್ರಿ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಎದೆಮೂಳೆ ಕತ್ತಿಯ ಹಾಗೆ ಕೈಗೆ ಸಿಕ್ಕರೆ ತೂಕ ಇಳಿದಿದೆ ಎಂದರ್ಥ. ಹೊಟ್ಟೆ, ಬಾಲದ ಬುಡ, ಕೊನೆಗೆ ಅಂಗಾಲು. ಕೆಂಪಿಯ ಅಂಗಾಲಿನ ಕರಿ ಹಕ್ಕಳೆ ಸಿಕ್ಕಿದ್ದು ಹಾಗೆಯೇ. ಎತ್ತರದ ಅಡ್ಡಗೋಲಿನಿಂದ ದಿನಾ ಧುಮುಕಿ ಗಾಯವಾಗಿ ಒಳಗೆ ಕೀವು ಗಂಟುಕಟ್ಟಿತ್ತು. ಕೋಳಿಯ ಕೀವು ನಮ್ಮದರಂತೆ ಹರಿಯುವುದಿಲ್ಲ, ಮೇಣದ ಹಾಗೆ ಗಟ್ಟಿಯಾಗುತ್ತದೆ. ತೆಗೆಸಿ, ಪಟ್ಟಿ ಕಟ್ಟಿ, ಮೂರು ವಾರ ಒಣಹುಲ್ಲಿನ ಮೇಲೆ ಇರಿಸಿಕೊಂಡೆವು. ಅಡ್ಡಗೋಲನ್ನು ಮೊಣಕಾಲಿಗಿಂತ ಕೆಳಕ್ಕೆ ಇಳಿಸಿದ್ದೇವೆ, ಕಾಲು ಅಗಲಿಸಿ ಕೂರುವಷ್ಟು ಚಪ್ಪಟೆಯ ಮರ ಹಾಕಿದ್ದೇವೆ.

ಮೇವೂ ಬದಲಾಗಬೇಕು. ಮೊಟ್ಟೆಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ ಹೆಚ್ಚು. ಮೊಟ್ಟೆ ನಿಲ್ಲಿಸಿದವಳಿಗೆ ಅದು ಬೇಡದ ಹೊರೆ, ಮೂತ್ರಪಿಂಡಕ್ಕೆ ತ್ರಾಸ. ನಾವು ಸಾದಾ ಮೇವು ಹಾಕಿ ಚಿಪ್ಪಿನ ಚೂರುಗಳನ್ನು ಬೇರೆ ಬಟ್ಟಲಲ್ಲಿ ಇಡುತ್ತೇವೆ, ಬೇಕಾದವಳು ಹೋಗಿ ಕುಕ್ಕುತ್ತಾಳೆ.

ನಮ್ಮಲ್ಲಿದ್ದ ಚುಕ್ಕಿ ಎಂಬ ಇನ್ನೊಂದು ಹೇಂಟೆಯ ವಿಷಯ ಬರೆಯುವುದು ಕಷ್ಟ, ಆದರೂ ಬರೆಯುತ್ತೇನೆ. ಹೋದ ವರ್ಷ ಅವಳ ಹೊಟ್ಟೆ ನೀರು ತುಂಬಿದ ಚೀಲದ ಹಾಗೆ ಜೋತುಬಿತ್ತು, ಬಾತುಕೋಳಿಯಂತೆ ನೆಟ್ಟಗಾಗಿ ನಡೆಯುತ್ತಿದ್ದಳು. ಒಂದು ಕಡೆ ಒಯ್ದೆ. ‘ಮೊಟ್ಟೆ ಇಡಲ್ಲ ಅಂದಮೇಲೆ ಕೋಳಿಗೇನು ಚಿಕಿತ್ಸೆ, ಅಮ್ಮಾ?’ ಎಂದು ಮುಟ್ಟಿಯೂ ನೋಡದೆ ಕಳಿಸಿದರು. ಇನ್ನೊಬ್ಬರು ನೋಡಿದರು, ಸೂಜಿಯಿಂದ ನೀರು ತೆಗೆದರು. ಮೊಟ್ಟೆಯ ಹಳದಿ ಹೊಟ್ಟೆಯೊಳಗೇ ಸೋರಿ ಸೋಂಕಾಗಿದೆ, ಇದು ತಿರುಗಿ ತುಂಬುತ್ತದೆ ಎಂದು ಆವತ್ತೇ ಬಿಡಿಸಿ ಹೇಳಿದರು. ಎರಡು ಸಲ ತುಂಬಿತು, ಎರಡು ಸಲ ತೆಗೆಸಿದೆ. ಮೂರನೆಯ ಸಲ ಅವರು, ‘ನೋವಿಲ್ಲದೆ ಕಳಿಸಿಕೊಡೋಣ’ ಅಂದರು. ನನ್ನಿಂದಾಗಲಿಲ್ಲ, ಮನೆಗೆ ಕರೆತಂದೆ. ಆಮೇಲಿನ ನಾಲ್ಕು ದಿನ ಅವಳು ಉಸಿರಾಡಲು ಪಟ್ಟ ಪಾಡು ಕಣ್ಣಿಗೆ ಕಟ್ಟಿದೆ. ಆ ನಾಲ್ಕು ದಿನ ನನ್ನ ಸಮಾಧಾನಕ್ಕಾಗಿ ಅವಳು ನರಳಿದ್ದು. ಬೂದನ ವಿಷಯದಲ್ಲಿ ಹಾಗೆ ಮಾಡುವುದಿಲ್ಲವೆಂದು ನಮ್ಮವರೂ ನಾನೂ ಈಗಲೇ ಮಾತಾಡಿಕೊಂಡಿದ್ದೇವೆ. ತಿನ್ನುವುದು ಬಿಟ್ಟರೆ, ಕಿಟಕಿಗೆ ಹತ್ತುವುದು ನಿಂತರೆ, ಮುಟ್ಟಿದರೆ ಗುರುಗುಟ್ಟುವ ಸದ್ದು ಬರದಿದ್ದರೆ ಅವನನ್ನು ಕಾಯಿಸುವುದಿಲ್ಲ.

ಬೆಳಗಿನ ಬಿಸಿಲಿಗೆ ಬೂದ ಕೊಟ್ಟಿಗೆಯ ಕಲ್ಲಿನ ಮೇಲೆ ಮಲಗುತ್ತಾನೆ, ಕೆಂಪಿ ಅವನಿಂದ ಒಂದು ಮೊಳ ದೂರದಲ್ಲಿ ರೆಕ್ಕೆ ಹರಡಿಕೊಂಡು ಬೀಳುತ್ತಾಳೆ. ಮರಿಯಾಗಿದ್ದಾಗ ಅವಳನ್ನು ಅವನು ಎರಡು ಸಲ ಅಟ್ಟಿಸಿಕೊಂಡು ಹೋಗಿದ್ದ. ಈಗ ನೆರಳು ಸರಿದರೆ ಇಬ್ಬರೂ ಎದ್ದು ಒಟ್ಟಿಗೇ ಸರಿದು ಮಲಗುತ್ತಾರೆ.

ನನ್ನ ಕೋರಿಕೆ ಸಣ್ಣದು. ಕೃಷಿ ಪುಟದಲ್ಲಿ ತಿಂಗಳಿಗೊಮ್ಮೆಯಾದರೂ ವಯಸ್ಸಾದ ಸಾಕುಪ್ರಾಣಿಗಳಿಗೆ ಒಂದಿಷ್ಟು ಜಾಗ ಕೊಡಿ. ಓದುಗರು ಕೇಳಲಿ, ಪಶುವೈದ್ಯರು ಉತ್ತರಿಸಲಿ. ಮೊಟ್ಟೆಕೋಳಿಗೆ ಔಷಧಿ ಕೊಟ್ಟರೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂಬಂಥ ಮಾತು ಎಲ್ಲರಿಗೂ ಬೇಕಾದದ್ದೇ.

ಮೊದಲ ಪ್ರಶ್ನೆ ನನ್ನದಿರಲಿ. ನಮ್ಮ ಕೆಂಪಿ ಪುಕ್ಕ ಉದುರಿಸಿ ಮೂರು ತಿಂಗಳಾಯಿತು, ಕುತ್ತಿಗೆಯಲ್ಲಿ ಬಂದಿದೆ, ಬೆನ್ನಿನಲ್ಲಿ ಇನ್ನೂ ಬಂದಿಲ್ಲ. ಹೇನಿಲ್ಲ, ತೂಕ ಇಳಿದಿಲ್ಲ, ಚೆನ್ನಾಗಿ ತಿನ್ನುತ್ತಾಳೆ. ಪುಕ್ಕವೆಂದರೆ ಬಹುಪಾಲು ಪ್ರೋಟೀನ್ ಎಂದು ಓದಿ ಮೇವಿನಲ್ಲಿ ಅದನ್ನೂ ಹೆಚ್ಚಿಸಿದ್ದೇನೆ. ಚಳಿ ಬರುವುದರೊಳಗೆ ಇನ್ನೇನು ಮಾಡಬಹುದು?

ಇತಿ,
ತುಂಡು ಜಮೀನಿನ ಓದುಗಾರ್ತಿ